ನೀವು ಕೈ ಬೀಸಿರಲಿಲ್ಲ

ಪ್ರೀತಿಯ ಬಸಣ್ಣ,

ನೀವು ಹೋಗಿ ಏಳು ತಿಂಗಳಾಯಿತು. ಎದುರಿಗಿದ್ದಾಗ ಹೇಳಬೇಕಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ಇದನ್ನು ಧೈರ್ಯ ಎಂದು ಕರೆಯಲು ನನಗೇ ನಾಚಿಕೆ.

ಹೋದ ಸೆಪ್ಟೆಂಬರಿನ ಆ ಶನಿವಾರ ಬೆಳಿಗ್ಗೆ ನೀವು, ನಾನು, ಗೆಳೆಯ ರವಿ ಮೂವರೂ ನಮ್ಮ ರೆಡ್ಮಂಡ್ ಊರು ಬಿಟ್ಟು, ಘಟ್ಟ ದಾಟಿ ಮರಳುದಿಬ್ಬಗಳಿಗೆ ಹೋದೆವಲ್ಲ. ಈ ಕಡೆ ಜಿಟಿಜಿಟಿ ಮಳೆ, ಆ ಕಡೆ ಕಣ್ಣು ಬಿಡಲಾಗದ ಬಿಸಿಲು. ಜೀಪು ನಿಮ್ಮದು. ಮರಳಲ್ಲಿ ಹೂತುಕೊಳ್ಳದಿರಲೆಂದು ನಾಲ್ಕೂ ಚಕ್ರದ ಗಾಳಿ ಇಳಿಸಿದಿರಿ. ನಿಮ್ಮ ಮನೆಯಲ್ಲಿ ಗಿರಿಜಕ್ಕ ಕಟ್ಟಿಕೊಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ಮರಳಿನ ಸಮೇತ ತಿಂದೆವು. ಎಷ್ಟು ನಕ್ಕಿದ್ದೆವು ಅವತ್ತು!

ಊಟವಾದ ಮೇಲೆ ಕೀಲಿ ನನ್ನ ಕೈಗಿಟ್ಟು ಹೇಳಿದಿರಿ: "ದಿಬ್ಬದ ಆಚಿ ಏನೈತಿ ಇಲ್ಲಿಂದ ಕಾಣೂದಿಲ್ಲ. ನಾ ಮ್ಯಾಲ ನಡ್ಕೊಂತ ಹೋಗಿ ನೋಡ್ತೀನಿ. ನಾ ಕೈ ಬೀಸೂತನಕ ಹೊಂಡಬ್ಯಾಡ."

ನೀವು ಮೊಣಕಾಲಿಗೆ ಕೈಕೊಟ್ಟು ನಿಧಾನ ಹತ್ತುತ್ತಿದ್ದಿರಿ. ನನ್ನ ಪಕ್ಕ ಕೂತಿದ್ದ ರವಿ ತಲೆ ಬಗ್ಗಿಸಿ ಫೋನಿನಲ್ಲಿ ವಿಡಿಯೋ ಸರಿಮಾಡಿಕೊಳ್ಳುತ್ತಿದ್ದ. ಪಕ್ಕದ ದಿಬ್ಬವನ್ನು ಬೇರೆ ಯಾರೋ ಒಂದೇ ಉಸಿರಿಗೆ ಹತ್ತಿ ಕೇಕೆ ಹಾಕಿದರು. ಅದನ್ನು ಕಂಡು ನನಗೂ... ನಿಮ್ಮ ಬೆನ್ನು ಇನ್ನೂ ನಮ್ಮ ಕಡೆಗೇ ಇತ್ತು. ನಾನು ಆಕ್ಸಿಲರೇಟರ್ ಒತ್ತಿಬಿಟ್ಟೆ.

ಆಚೆ ಬದಿ ಗೋಡೆಯಂತೆ ಕಡಿದಾಗಿತ್ತು. ಜೀಪು ಮಗುಚಿತು. ನನಗೆ ಒಂದು ಗೀರೂ ಆಗಲಿಲ್ಲ, ರವಿಯ ಭುಜದ ಮೂಳೆ ಮುರಿಯಿತು. ನೀವು ಜಾರುತ್ತ, ಬೀಳುತ್ತ ಓಡಿಬಂದು ಅವನನ್ನು ಹೊರಗೆಳೆದಿರಿ.

ಆಸ್ಪತ್ರೆಗೆ ಬಂದ ರವಿಯ ಹೆಂಡತಿ ಕಾವ್ಯ ನೇರ ನನ್ನನ್ನೇ ಕೇಳಿದಳು: "ಹೆಂಗೋ ಆಯ್ತು ಇದು? ನೋಡ್ಕೊಂಡು ಡ್ರೈವ್ ಮಾಡೋಕಾಗಲ್ವಾ?"

"ಬಸಣ್ಣ ಮೇಲಿಂದ ಕೈ ಬೀಸಿದ್ರು. ಅದಕ್ಕೇ ಹೋದೆ" ಅಂದೆ.

ನೀವು ಬಾಗಿಲಲ್ಲೇ ನಿಂತಿದ್ದಿರಿ. ನನ್ನನ್ನು ಒಮ್ಮೆ ನೋಡಿದಿರಿ. ಆಮೇಲೆ ಕಾವ್ಯಳಿಗೆ, "ಹೌದವಾ, ನಂದ ತಪ್ಪಾತು" ಅಂದಿರಿ. ಯಾಕೆ ಬಸಣ್ಣ? ಅಲ್ಲೇ ನನ್ನ ಕೆನ್ನೆಗೆ ಒಂದು ಬಾರಿಸಿದ್ದರೆ...

ದೀಪಾವಳಿಗೆ ಕಾವ್ಯ ನಿಮ್ಮನ್ನು ಕರೆಯಲಿಲ್ಲ. ನಾನು ಹೋಗಿ ಹೋಳಿಗೆ ತಿಂದು ಬಂದೆ. ನೀವು ಸಿಕ್ಕಾಗಲೆಲ್ಲ "ರವಿ ಭುಜ ಹ್ಯಾಂಗೈತಿ?" ಎಂದಷ್ಟೇ ಕೇಳುತ್ತಿದ್ದಿರಿ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಿಮ್ಮ ಹೃದಯ ನಿಂತಿತು. ನಿಮ್ಮನ್ನು ಕಳಿಸಿಕೊಡಲು ಸೇರಿದ್ದವರಲ್ಲಿ ಯಾರೋ, "ಒಳ್ಳೇ ಮನುಷ್ಯ. ಸ್ವಲ್ಪ ಬೇಜವಾಬ್ದಾರಿ ಅಷ್ಟೇ" ಅಂದರು. ನಿಮ್ಮ ಮಗಳು ಅಮೂಲ್ಯ ಅದನ್ನು ಕೇಳಿಸಿಕೊಂಡಳು. ನಾನೂ ಕೇಳಿಸಿಕೊಂಡೆ.

ಆ ಹುಡುಗಿಯ ಮುಖ ನನ್ನನ್ನು ಬಿಡಲಿಲ್ಲ. ಮೊನ್ನೆ ಭಾನುವಾರ ಮೊದಲು ರವಿಯ ಮನೆಗೆ ಹೋಗಿ ನಿಜ ಹೇಳಿದೆ. ರವಿ ಎದ್ದು ಒಳಗೆ ಹೋದ. ಕಾವ್ಯ ಬೈಯಲಿಲ್ಲ. "ಅವರನ್ನ ಹಬ್ಬಕ್ಕೂ ಕರೀಲಿಲ್ವಲ್ಲೋ ನಾನು" ಎಂದು ಅತ್ತಳು.

ಅಲ್ಲಿಂದ ನಿಮ್ಮ ಮನೆಗೆ. ಗಿರಿಜಕ್ಕ ನಿಂತೇ ಕೇಳಿದರು. "ಅವರು ಇದ್ದಾಗ ಹೇಳಬೇಕಿತ್ರಿ ಇದನ್ನ" ಅಂದರು. ಕೂತುಕೊಳ್ಳಿ ಎನ್ನಲಿಲ್ಲ. ಯಾಕೆ ಅನ್ನಬೇಕು?

ಅಮೂಲ್ಯ ಇಂಗ್ಲಿಷಿನಲ್ಲಿ ಕೇಳಿದಳು, ಅಪ್ಪ ಕೈ ಬೀಸಲೇ ಇಲ್ಲವಾ ಎಂದು.

"ಇಲ್ಲಮ್ಮ. ಹೋಗಬೇಡ ಅಂದಿದ್ರು. ನಾನೇ ಕೇಳಲಿಲ್ಲ."

ನಿಮ್ಮನ್ನು ಕಳಿಸಿಕೊಡಲು ಅವತ್ತು ಬಂದಿದ್ದವರ ಹೆಸರನ್ನು ಅವಳು ಒಂದೊಂದಾಗಿ ಹೇಳುತ್ತ ಹೋದಳು. ನಾನು ಬರೆದುಕೊಂಡೆ. ಹನ್ನೊಂದು ಮನೆ. ಫೋನಿನಲ್ಲಿ ಅಲ್ಲ, ಎದುರಿಗೆ ನಿಂತು ಹೇಳುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಶನಿವಾರ ಶುರು ಮಾಡುತ್ತೇನೆ. ಅಮೂಲ್ಯಳೂ ಜೊತೆಗೆ ಬರುತ್ತಾಳೆ, ನಾನು ಏನಾದರೂ ಬಿಟ್ಟು ಹೇಳಿದರೆ ಅಲ್ಲೇ ತಿದ್ದುವುದಕ್ಕೆ.

ನಿಮ್ಮ
ಮಧು