ಸೆಲಾಸಿಯ ಲೈನ್ ಕ್ಲಿಯರ್

ನಿಲಾಯ್
೧೪ ಮಾರ್ಚ್ ೨೦೨೫, ಶುಕ್ರವಾರ ಬೆಳಿಗ್ಗೆ

ಭಾನು,

ಈ ಪತ್ರವನ್ನು ನಿನ್ನ ಕೈಗೆ ಕೊಟ್ಟವನು ಕ್ಲೈವ್, ನನ್ನ ಚಿಕ್ಕಪ್ಪನ ಮಗ. ಓದುವ ಮೊದಲು ಎಲ್ಲಾದರೂ ಕುಳಿತುಕೋ. ಓದಿದ ಮೇಲೆ ನನ್ನನ್ನು ಎಷ್ಟು ಬೈಯಬೇಕೋ ಬೈಯಿ, ಆದರೆ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡು ನಾಳೆಯೇ ಅವನ ಜೊತೆ ಹೊರಟು ಬಾ. ಟಿಕೆಟ್ ಅವನ ಹತ್ತಿರ ಇದೆ. ಅವನು ಮಂಗಳೂರಿಗೆ ಬರುತ್ತಿರುವುದೇ ನಿನ್ನನ್ನು ಕರೆತರಲಿಕ್ಕೆ.

ಮಂಗಳವಾರ ಸಂಜೆ ಫೋನಿನಲ್ಲಿ, ವಿಠಲಣ್ಣನ ಕೈಗೆ ಸ್ವಲ್ಪ ಬಿಸಿ ತಾಗಿದೆ ಎಂದೆ. ಬುಧವಾರ ನೀನು ಫೋನ್ ಮಾಡಿದಾಗ, ಔಷಧಿಯ ಮಂಪರಿನಲ್ಲಿದ್ದಾರೆ, ಮಾತಾಡಲಿಕ್ಕೆ ಆಗುವುದಿಲ್ಲ ಎಂದೆ. ಎರಡನೆಯದು ನಿಜ. ಮೊದಲನೆಯದು ಸುಳ್ಳು. ಹನ್ನೊಂದು ಸಾವಿರ ವೋಲ್ಟ್ ನಿನ್ನ ಗಂಡನ ಕೈಗಳ ಮೂಲಕ ಹಾದು ಹೋಗಿದೆ. ಜೀವ ಉಳಿದಿದೆ. ಆದರೆ ಸುಟ್ಟಗಾಯ ದೊಡ್ಡದು. ವಾರ್ಡಿನ ಡಾಕ್ಟರ್ ನಸೀಮಾ ಹುಬ್ಬಳ್ಳಿಯವರು. ನಿನ್ನೆ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾರ, ಅವರ ಮನಿಯವ್ರನ್ನ ಲಗೂ ಕರಸ್ರಿ, ತಡಾ ಮಾಡಬ್ಯಾಡ್ರಿ" ಎಂದರು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಬಾಯಲ್ಲಿ ಹೇಳಿದ್ದನ್ನು ನಾಳೆ ನಾನೇ ಇಲ್ಲ ಎನ್ನಬಹುದು. ಮೂರು ದಿನಗಳಲ್ಲಿ ನನ್ನ ಬಗ್ಗೆ ನನಗೆ ಅಷ್ಟು ತಿಳಿದಿದೆ. ಅದಕ್ಕೇ ಕಾಗದ. ನಾವು ತುಳುವಿನಲ್ಲಿ ಜಗಳವಾಡಿದವರು, ಕಾಗದ ಬರೆಯುವಾಗ ಮಾತ್ರ ಶಾಲೆಯ ಕನ್ನಡ. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ.

ಸೆಲಾಸಿ ಇಲ್ಲಿಂದ ಅರ್ಧ ಗಂಟೆ ದೂರದ ಹೊಸ ನಗರ. ಅಲ್ಲಿ ವಾರಕ್ಕೆರಡು ಸಲ ಕರೆಂಟು ಹೋಗುತ್ತಿತ್ತು. ಲಿಫ್ಟ್ ನಿಂತು, ಹದಿನೈದನೇ ಮಹಡಿಯ ಮುದುಕರು ಆಸ್ಪತ್ರೆಗೆ ಹೋಗಲಾಗದೆ ಮನೆಯಲ್ಲೇ ಉಳಿಯುತ್ತಿದ್ದರು. ಜನ ರೋಸಿಹೋಗಿ, ನಮ್ಮ ಊರಿನ ಕರೆಂಟನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ಪಟ್ಟುಹಿಡಿದರು. ಸ್ವಂತ ವಿದ್ಯುತ್ ಕಂಪನಿ ಶುರುಮಾಡುವ ಮೊದಲು ಏನೇನು ಯೋಚಿಸಬೇಕು ಎಂದು ವರದಿ ಬರೆಯುವ ಕೆಲಸವನ್ನು ನಗರಸಭೆ ಪುತ್ರಜಯಾದ ನಮ್ಮ ಕಚೇರಿಗೆ ಕೊಟ್ಟಿತು. ಬರೆದವಳು ನಾನು. ಆಸೆಯಿಂದ ಬರೆದೆ, ಭಾನು. ಆ ಮುದುಕರ ಮನೆಗಳಿಗೆ ಮೆಟ್ಟಿಲು ಹತ್ತಿ ಹೋಗಿ, ಅವರು ಕೊಟ್ಟ ಟೀ ಕುಡಿದು ಬರೆದೆ.

ಅದರಲ್ಲಿ ಒಂದು ಅಧ್ಯಾಯವಿತ್ತು. ಹಳೆಯ ಕಂಪನಿ ಕೊಡುತ್ತಿರುವ ನಕ್ಷೆಗಳು ಹಳೆಯವು, ಯಾವ ಕಟ್ಟಡದಲ್ಲಿ ಜನರೇಟರ್ ಇದೆ, ಅದು ಊರಿನ ಲೈನಿಗೆ ಹೇಗೆ ಸೇರಿದೆ ಎಂಬುದು ಅವುಗಳಲ್ಲಿ ಇಲ್ಲ. ಪ್ರತಿಯೊಂದು ಕಟ್ಟಡಕ್ಕೂ ನಡೆದು ಹೋಗಿ ನೋಡಬೇಕು, ಅನುಭವವಿರುವ ಲೈನ್‌ಮನ್‌ಗಳನ್ನು ತಯಾರು ಮಾಡಬೇಕು, ಇದಕ್ಕೆ ಒಂದು ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಲೈನನ್ನು ವಶಕ್ಕೆ ತೆಗೆದುಕೊಳ್ಳಬಾರದು ಎಂದು ಬರೆದಿದ್ದೆ.

ಆದರೆ ಕಂಪನಿಯ ಉದ್ಘಾಟನೆಯ ದಿನ ಆಗಲೇ ನಿಗದಿಯಾಗಿತ್ತು. ನಮ್ಮ ಮುಖ್ಯಸ್ಥ ಅನಿಲ ಸರ್ ನನ್ನನ್ನು ಕರೆದು, "ನೋಡಿ ಕ್ಯಾರೊಲಿನ್, ಅವ್ರು ಕೇಳಿರೋದು ರಿಪೋರ್ಟು, ಹೆದರ್ಸೋದಲ್ಲ. ಆ ಚಾಪ್ಟರ್ ಕೊನೇಲಿ ಅನುಬಂಧದಲ್ಲಿ ಹಾಕಿ. ತೆಗೀರಿ ಅಂತ ಹೇಳ್ತಿಲ್ವಲ್ಲ" ಎಂದರು. ನಾನು ಹಾಕಿದೆ. ಇನ್ನೂರು ಪುಟಗಳ ಹಿಂದೆ, ಸಣ್ಣ ಅಕ್ಷರದಲ್ಲಿ. ಅದನ್ನು ಯಾರೂ ಓದಲಿಲ್ಲ.

ಅನುಭವಸ್ಥರು ಬೇಕು ಎಂದು ನೀವೇ ಹೇಳುತ್ತಿದ್ದೀರಲ್ಲ, ನೀವೇ ಹುಡುಕಿಕೊಡಿ ಎಂದು ನಗರಸಭೆಯವರು ನಕ್ಕರು. ಆಗ ನನಗೆ ನೆನಪಾದದ್ದು ವಿಠಲಣ್ಣ. ಇಪ್ಪತ್ತೆಂಟು ವರ್ಷ ಕಂಬ ಹತ್ತಿದವರು, ಒಂದು ದಿನವೂ ಗಾಯವಾಗದವರು. ನೀನು ಬೇಡವೆಂದೆ. ಅವರಿಗೆ ಐವತ್ತು ದಾಟಿತು, ಇನ್ನು ಸಾಕು ಎಂದೆ. ನಿನ್ನ ಅಡುಗೆಮನೆಯಲ್ಲಿ ಕೂತು, ಒಂದೇ ವರ್ಷ, ಬರೀ ಕಲಿಸಲಿಕ್ಕೆ, ಕೈಯಲ್ಲಿ ಸ್ಪ್ಯಾನರ್ ಹಿಡಿಯಲಿಕ್ಕೂ ಇಲ್ಲ ಎಂದು ನಿನ್ನನ್ನು ಒಪ್ಪಿಸಿದವಳು ನಾನು. ಇಲ್ಲಿಗೆ ಬಂದ ಎರಡನೇ ವಾರದಿಂದಲೇ ಅವರು ಸ್ಪ್ಯಾನರ್ ಹಿಡಿದಿದ್ದರು. ಬೇರೆ ಯಾರಿಗೂ ಬರುತ್ತಿರಲಿಲ್ಲ. ಇದನ್ನೂ ನಿನಗೆ ಹೇಳಿರಲಿಲ್ಲ.

ಈಗ ಮಂಗಳವಾರ.

ಇದು ರಂಜಾನ್ ತಿಂಗಳು. ಉಪವಾಸ ಬಿಡುವವರಿಗಾಗಿ ಸಂಜೆ ನಾಲ್ಕಕ್ಕೆಲ್ಲ ಬೀದಿಯುದ್ದಕ್ಕೂ ತಿಂಡಿಯ ಅಂಗಡಿಗಳು ತೆರೆಯುತ್ತವೆ. ಒಂದೂವರೆಗೆ ಆ ಬೀದಿಯ ಕರೆಂಟು ಹೋಯಿತು. ಊರವರದೇ ಕಂಪನಿ ಶುರುವಾದ ಮೇಲೆ ಬಂದ ಮೊದಲ ರಂಜಾನ್. ನಗರಸಭೆಯ ಅಧಿಕಾರಿ ಓಡಿ ಬಂದು ಕಂಟ್ರೋಲ್ ರೂಮಿನಲ್ಲಿ ನನ್ನ ಕುರ್ಚಿಯ ಹಿಂದೆ ನಿಂತರು. ಅಂದು ಲೈನ್ ಬಂದ್ ಮಾಡಿಸಿ, ಇನ್ನು ಮುಟ್ಟಬಹುದು ಎಂಬ ಲೈನ್ ಕ್ಲಿಯರ್ ಅನುಮತಿ ಕೊಡಬೇಕಾದ ಎಂಜಿನಿಯರ್ ರಜೆಯಲ್ಲಿದ್ದರು. ಆ ಜಾಗದಲ್ಲಿ ಸಲಹೆಗಾರ್ತಿಯಾದ ನನ್ನನ್ನು ಕೂರಿಸಿದ್ದರು.

ಅಂಗಡಿ ಸಾಲಿನ ಹಿಂದಿನ ಸಬ್‌ಸ್ಟೇಷನ್ನಿನಿಂದ ವಿಠಲಣ್ಣ ನನ್ನ ಮೊಬೈಲಿಗೇ ಕರೆದರು. "ಬಾಯಮ್ಮ, ಕೇಬಲ್ಲಿನ ತುದಿ ಹೋಗಿದೆ. ಲೈನ್ ಕ್ಲಿಯರ್ ಉಂಟಾ? ಆಚೆ ಕಡೆಯಿಂದ ವಾಪಸ್ ಬರುವಂಥದ್ದು ಎಂತದಾದ್ರೂ ಉಂಟಾ?"

ನಾನು ಪರದೆಯ ಮೇಲಿನ ನಕ್ಷೆ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ಅದನ್ನು ನಂಬಬಾರದು ಎಂದು ಬರೆದವಳೇ ನಾನು.

ಕೆಲಸಕ್ಕೆ ಕೈ ಹಾಕುವ ಮೊದಲು ಲೈನನ್ನು ನೆಲಕ್ಕೆ ಸೇರಿಸುವ ಅರ್ತಿಂಗ್ ರಾಡ್ ಇನ್ನೊಂದು ವ್ಯಾನಿನಲ್ಲಿದೆ, ಬರಲು ಮುಕ್ಕಾಲು ಗಂಟೆ ಬೇಕು ಎಂದರು. "ಅದು ಬರ್ಲಿ ಬಾಯಮ್ಮ. ಅದಿಲ್ಲದೆ ನಾನು ಮುಟ್ಟುವುದಿಲ್ಲ" ಎಂದರು. ಹಿಂದಿನಿಂದ ಅಧಿಕಾರಿ, "ಕ್ಯಾನ್ ಲಾ, ಆಗುತ್ತೆ ಮೇಡಂ, ಐದು ನಿಮಿಷದ ಕೆಲಸ" ಎನ್ನುತ್ತಿದ್ದರು. ಗಡಿಯಾರ ಮೂರು ತೋರಿಸುತ್ತಿತ್ತು.

ನಾನು ಹೇಳಿದೆ, "ಕ್ಲಿಯರ್ ಇದೆ ವಿಠಲಣ್ಣ. ಶುರು ಮಾಡಿ."

ಅವರು, "ನೀವು ಹೇಳ್ತೀರಿ ಅಂತ" ಎಂದು ಫೋನಿಟ್ಟರು.

ಎರಡು ಕಟ್ಟಡ ಆಚೆ ಒಂದು ಸೂಪರ್‌ಮಾರ್ಕೆಟ್ ಇದೆ. ಫ್ರೀಜರಿನ ಮೀನು ಕರಗುತ್ತಿದೆ ಎಂದು ಅಲ್ಲಿಯವರು ಜನರೇಟರ್ ಚಾಲೂ ಮಾಡಿದರು. ಊರಿನ ಲೈನಿನಿಂದ ಅದನ್ನು ಬೇರೆ ಮಾಡುವ ಸ್ವಿಚ್ಚೇ ಅಲ್ಲಿರಲಿಲ್ಲ. ಆ ಕರೆಂಟು ಟ್ರಾನ್ಸ್‌ಫಾರ್ಮರಿನೊಳಗೆ ಹಿಮ್ಮುಖವಾಗಿ ನುಗ್ಗಿ, ಹನ್ನೊಂದು ಸಾವಿರವಾಗಿ ಏರಿ, ವಿಠಲಣ್ಣ ಹಿಡಿದಿದ್ದ ಕೇಬಲ್ಲಿಗೆ ಬಂತು. ನಾನು ಹೋಗುವಷ್ಟರಲ್ಲಿ ಆಂಬುಲೆನ್ಸಿನಲ್ಲಿ ಮಲಗಿಸಿದ್ದರು. ಕಣ್ಣು ತೆರೆದಿತ್ತು. "ಕ್ಲಿಯರ್ ಇರ್ಲಿಲ್ಲ ಬಾಯಮ್ಮ" ಎಂದರು. ಬೈಗುಳದ ದನಿಯಲ್ಲಿ ಅಲ್ಲ. ಕೆಲಸದ ಸುದ್ದಿ ತಿಳಿಸುವ ಹಾಗೆ.

ಬುಧವಾರ ಅನಿಲ ಸರ್ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ಅನುಮತಿ ಸಿಗುವ ಮೊದಲೇ ಕೆಲಸಗಾರನು ಕೆಲಸಕ್ಕಿಳಿದನು ಎಂದು ಅದರಲ್ಲಿತ್ತು. ಆಗುವುದಿಲ್ಲ ಎಂದು ನಾನು ತಲೆಯಾಡಿಸಿದಾಗ ಅವರು ದನಿ ಏರಿಸಲಿಲ್ಲ. "ಫೋನಲ್ಲಿ ಏನು ಮಾತಾಡಿದ್ರಿ ಅಂತ ನಿಮ್ಮಿಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಿಮ್ಮ ವೀಸಾ ಕಂಪನಿದು. ರಾಯನ್ ಓದು ಇನ್ನೂ ಎರಡು ವರ್ಷ ಇದೆ ಅಲ್ವಾ?" ಎಂದರು.

ನಾನು ಸಹಿ ಹಾಕಿದೆ, ಭಾನು.

ಮಗನ ನೆಪ ಹೇಳುತ್ತಿಲ್ಲ. ಮನೆಗೆ ಬಂದು ರಾಯನ್‌ಗೆ ಎಲ್ಲ ಹೇಳಿದೆ. ನಾನು ಕನ್ನಡದಲ್ಲಿ ಅಳುತ್ತಿದ್ದರೆ ಅವನು ಇಂಗ್ಲಿಷಿನಲ್ಲಿ, "ಜಸ್ಟ್ ಟೆಲ್ ದೆಮ್, ಮಮ್ಮಿ" ಎಂದ. ಅವನ ಪ್ರಾಯಕ್ಕೆ ಅದು ಅಷ್ಟು ಸುಲಭ.

ಸೋಮವಾರ ವಿಚಾರಣೆ. ನನ್ನನ್ನು ಹತ್ತು ಗಂಟೆಗೆ ಕರೆದಿದ್ದಾರೆ. ಆ ಸಹಿ ಸುಳ್ಳು, ಕ್ಲಿಯರ್ ಎಂದು ಹೇಳಿದವಳು ನಾನು ಎಂದು ಅಲ್ಲಿ ಹೇಳಬೇಕೆಂದಿದ್ದೇನೆ. ಈಗ ಬೆಳಗಿನ ಹೊತ್ತು, ನಿನ್ನ ಮುಖ ನೆನೆದು ಬರೆಯುವಾಗ ಹೇಳಿಯೇ ಹೇಳುತ್ತೇನೆ ಅನಿಸುತ್ತದೆ. ಆದರೆ ಬುಧವಾರ ಬೆಳಿಗ್ಗೆಯೂ ಹಾಗೇ ಅನಿಸಿತ್ತು. ಆ ಕೋಣೆಯಲ್ಲಿ ಎಸಿ ಕೊರೆಯುತ್ತಿರುತ್ತದೆ, ಎಲ್ಲರೂ ಮೃದುವಾಗಿ ಮಾತಾಡುತ್ತಾರೆ, ನಾನು ಮತ್ತೆ ಜಾರಿಬಿಟ್ಟರೆ? ವಿಠಲಣ್ಣನದೇ ತಪ್ಪು ಎಂದು ದಾಖಲಾದರೆ ಅವರಿಗೆ ಇಲ್ಲಿ ಚಿಕಿತ್ಸೆಯೂ ಇಲ್ಲ, ಆಸರೆಯೂ ಇಲ್ಲ. ಮಾಡದ ತಪ್ಪನ್ನು ಹೊತ್ತು ಮರಳಬೇಕಾಗುತ್ತದೆ.

ಆದ್ದರಿಂದ ಈ ಪತ್ರವನ್ನು ನಿನ್ನ ಬಳಿಯೇ ಇಟ್ಟುಕೋ. ಸೋಮವಾರ ನೀನು ನನ್ನ ಜೊತೆ ಒಳಗೆ ಬಂದು ಕೂರಬೇಕು. ನನ್ನ ಬಾಯಿಂದ ಸತ್ಯ ಹೊರಡದಿದ್ದರೆ ಎದ್ದು ನಿಂತು ಇದನ್ನು ಕೊಡು. ಇದರ ಮೇಲೆ ನನ್ನ ಕೈಬರಹವಿದೆ, ತಾರೀಕಿದೆ. ಕನ್ನಡ ಬಾರದ ಅವರಿಗೆ ಇದನ್ನು ಓದಿ ಅರ್ಥ ಹೇಳಲಿಕ್ಕೆ ನಸೀಮಾ ಬರುತ್ತಾರೆ, ಕೇಳಿದ್ದೇನೆ. ಇದನ್ನು ಸಿಟ್ಟಿನಿಂದಾದರೂ ಮಾಡು. ಸ್ನೇಹಕ್ಕಾಗಿ ಮಾಡು ಎನ್ನುವ ಹಕ್ಕು ನನಗೆ ಉಳಿದಿಲ್ಲ.

ಬೇಗ ಬಾ. ದಯವಿಟ್ಟು ಬಾ.

ನಿನ್ನ ಮನೆಗೆ ಈ ಕೇಡು ತಂದ
ಕ್ಯಾರೊಲಿನ್

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ನಿನ್ನೆ ಬೆಳಿಗ್ಗೆ ಅವರ ಎಡಗೈಯನ್ನು ಮಣಿಕಟ್ಟಿನ ಮೇಲಿನಿಂದ ತೆಗೆದರು. ವಿಷ ಏರುತ್ತಿದೆ, ಒಂದು ಗಂಟೆಯೂ ಕಾಯುವಂತಿಲ್ಲ ಎಂದರು. ನಿನಗೆ ಫೋನ್ ಮಾಡಬೇಕಿತ್ತು, ಧೈರ್ಯ ಬರಲಿಲ್ಲ. ಒಪ್ಪಿಗೆಯ ಕಾಗದದಲ್ಲಿ ಸಂಬಂಧ ಎಂದಿದ್ದ ಕಡೆ ತಂಗಿ ಎಂದು ಬರೆದೆ. ಅವರಿಗೆ ಇನ್ನೂ ಗೊತ್ತಿಲ್ಲ, ಭಾನು. ಇವತ್ತು ಒಂದು ನಿಮಿಷ ಎಚ್ಚರವಾದಾಗ, ಎಡಗೈ ಬೆರಳು ತುರಿಸ್ತದೆ, ಸ್ವಲ್ಪ ನೋಡಿ ಬಾಯಮ್ಮ ಎಂದರು. ನಾನು ಬ್ಯಾಂಡೇಜಿನ ತುದಿಯನ್ನು ಮೆಲ್ಲಗೆ ಸವರಿದೆ. ಈಗ ಆಯ್ತು ಎಂದು ಅವರು ನಿದ್ದೆ ಹೋದರು.