ಅಂಚಿನ ಹೊಲಿಗೆ

…ಅಲ್ಲ, ಇದೂ ಸರಿ ಬರ್ಲಿಲ್ಲ. ಮತ್ತೆ ಮೊದಲಿಂದ ಶುರು ಮಾಡ್ತೀನಿ ಅಕ್ಕಾ, ಬೇಜಾರು ಮಾಡ್ಕೋಬೇಡ. ಬೆಳಗ್ಗೆಯಿಂದ ನಿನಗೆ ವಾಯ್ಸ್ ಮೆಸೇಜು ಮಾತಾಡೋದು, ಅಳಿಸೋದು, ಇದೇ ಆಗಿದೆ. ಐವತ್ತು ವರ್ಷದ ಗಂಡಸು ಸ್ಟೋರ್ ರೂಮಿನ ಬಾಗಿಲು ಹಾಕ್ಕೊಂಡು ಫೋನಿಗೆ ಪಿಸುಗುಟ್ತಾ ಕೂತಿದ್ರೆ ಹೆಂಡತಿ ಏನಂದ್ಕೋತಾಳೆ ಹೇಳು. ಆಗಲೇ ಒಂದ್ಸಲ ಬಾಗಿಲು ತಟ್ಟಿ, "ಯಾರ ಹತ್ರ ರೀ ಅಷ್ಟು ಮೆತ್ತಗೆ ಮಾತು? ನನ್ನ ಹತ್ರ ಅಂತೂ ಯಾವತ್ತೂ ಇಲ್ಲ" ಅಂದು ಹೋದ್ಲು.

ಇವತ್ತು ಮಂಗಳವಾರ. ಚೆನ್ನಾಗಿದೀಯಾ ಅಂತ ಕೇಳ್ಬೇಕು, ಕೇಳೋ ಮುಖ ಇಲ್ಲ. ನೀನು ನನ್ನ ಹತ್ರ ಮಾತು ಬಿಟ್ಟು ಎರಡು ತಿಂಗಳಾಯ್ತು. ತಡವಾಗಿ ಮಾತಾಡ್ತಿದೀನಿ, ಅದೂ ನನ್ನದೇ ತಪ್ಪು. ಭಾವ ನನ್ನ ಮೇಲೆ ಕೇಸು ಹಾಕಿದ್ರಲ್ಲ, ಸರಿಯಾಗೇ ಹಾಕಿದ್ರು. ನನ್ನ ಲಾಡ್ಜಿಗೆ ಅಷ್ಟೂ ಹಾಸಿಗೆ ಮಾಡಿಕೊಟ್ರು. ಮೂರು ಕಂತಲ್ಲಿ ಕೊಡ್ತೀನಿ ಅಂತ ಸಹಿ ಹಾಕ್ದೆ. ಒಂದು ಕಂತು ಕೊಟ್ಟೆ, ಮಿಕ್ಕಿದ್ದರಲ್ಲಿ ಬಾಗಿಲ ಮೇಲೆ ದೀಪದ ಬೋರ್ಡು ಹಾಕಿಸ್ದೆ. ಬೋರ್ಡು ನೋಡಿ ಜನ ಬರ್ತಾರೆ, ಆಮೇಲೆ ಕೊಟ್ರಾಯ್ತು ಅಂತ. ಬೋರ್ಡು ನೋಡಿ ಹುಳ ಬಂತು, ಜನ ಬರ್ಲಿಲ್ಲ.

ಮನೆಯವರ ಮಧ್ಯೆ ಕರಾರು ಯಾಕೆ ಅಂತ ಅವತ್ತು ನಾನೇ ದೊಡ್ಡಸ್ತಿಕೆ ತೋರಿಸಿದ್ದೆ. "ಬರ್ಕೊಳ್ರಪ್ಪ, ಆಮೇಲೂ ಒಬ್ಬರ ಮುಖ ಒಬ್ಬರು ನೋಡ್ಬೇಕಲ್ಲ" ಅಂದಿದ್ದು ನೀನು.

ಕೇಸು ಬಂದ ಮೇಲೆ ವಕೀಲರ ಹತ್ರ ಹೋದೆ. "ಸಾಮಾನಲ್ಲಿ ಏನಾದ್ರೂ ಕೆಟ್ಟಿತ್ತು ಅನ್ನದೆ ಇದ್ರೆ ನಮ್ಮ ಕಡೆ ಜೀವ ಇಲ್ಲ. ಏನು ಕೆಟ್ಟಿತ್ತು ಹೇಳಿ" ಅಂದ್ರು. ಹತ್ತಿ ಅಂದ್ರೆ ಭಾವ ಅಲ್ಲೇ ಬಿಚ್ಚಿ ತೋರಿಸ್ತಾರೆ. ಅಳತೆ ಅಂದ್ರೆ ಟೇಪು ಹಿಡೀತಾರೆ. "ಹೊಲಿಗೆ" ಅಂದೆ. "ಅಂಚೆಲ್ಲ ಬಿಟ್ಕೊಳ್ತಿದೆ" ಅಂದೆ. ಅವರು ಬರ್ಕೊಂಡ್ರು. ಭಾವನ ಅಂಗಡೀಲಿ ದಬ್ಬಳ ಹಿಡ್ಕೊಂಡು ಅಂಚು ಹೊಲಿಯೋರು ಯಾರು ಅಂತ ವಕೀಲರಿಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು.

ಹೋದ ವಾರ ಕೋರ್ಟಿನ ವರಾಂಡದಲ್ಲಿ ಭಾವ ನನ್ನ ಪಕ್ಕದಲ್ಲೇ ನಿಂತಿದ್ರು. ನನ್ನನ್ನ ನೋಡ್ಲಿಲ್ಲ. ಎದುರುಗಡೆ ಗೋಡೆಗೆ ಹೇಳೋ ಹಾಗೆ, "ದುಡ್ಡು ಇವತ್ತಲ್ಲ ನಾಳೆ ಬರುತ್ತೆ. ನಿಮ್ಮಕ್ಕ ಇನ್ನು ದಬ್ಬಳ ಮುಟ್ಟಲ್ಲ ಅಂತ ಕೂತಿದಾಳೆ. ತನ್ನಿಂದ ಅಂಗಡಿ ಹೆಸರು ಹಾಳಾಯ್ತು ಅಂತ ನನ್ನ ಹತ್ರ ಕ್ಷಮೆ ಕೇಳ್ತಾಳೆ" ಅಂದ್ರು.

ಇವತ್ತು ಕೋರ್ಟಿಂದ ಒಬ್ಬರು ಹಾಸಿಗೆ ನೋಡೋಕೆ ಬರ್ತಾರೆ. "ಅವರು ಬರೋ ಮುಂಚೆ ನಾಲ್ಕೈದರ ಹೊಲಿಗೆ ಬಿಚ್ಚಿಡಿ. ನಾನು ಹೇಳ್ದೆ ಅನ್ಬೇಡಿ" ಅಂದ್ರು ವಕೀಲರು. ನಿನ್ನೆ ಮಧ್ಯಾಹ್ನ ಅದಕ್ಕೇ ಹಾಸಿಗೆ ಪೇರಿಸಿಟ್ಟಿರೋ ಈ ರೂಮಿಗೆ ಬಂದೆ. ಬ್ಲೇಡಲ್ಲಿ ಕೊಯ್ದರೆ ಕೊಯ್ದಿದ್ದು ಕಾಣುತ್ತೆ ಅಂತ ಕೈಯಲ್ಲೇ ಎಳೆದೆ. ಮಂಡಿ ಊರಿ ಎಳೆದೆ. ಬಟ್ಟೆ ಹರೀತು ಅಕ್ಕಾ. ಹೊಲಿಗೆ ಹಾಗೇ ಇತ್ತು. ಮೂಲೇಲಿ ದಾರ ಕತ್ತರಿಸದೆ ತಿರುಗಿಸಿ ಎರಡು ಗಂಟು ಹಾಕ್ತೀಯಲ್ಲ, ಅದೇ. ನನ್ನ ಸ್ಕೂಲ್ ಬ್ಯಾಗಿಗೆ ಹಾಕ್ತಿದ್ದೆಯಲ್ಲ, ಬ್ಯಾಗು ಚಿಂದಿಯಾದ್ರೂ ಗಂಟು ಬಿಡ್ತಿರ್ಲಿಲ್ಲ. ಸುಸ್ತಾಗಿ ಅದೇ ಹಾಸಿಗೆ ಮೇಲೆ ಮಲ್ಕೊಂಡೆ. ಬೆನ್ನಿಗೆ ಎಷ್ಟು ಹಿತವಾಯ್ತು ಅಂತ ಹೇಳೋಕೂ ನಾಚಿಕೆ.

ಕಣ್ಣಿಗೆ ಹನಿ ಹಾಕ್ಕೊಳ್ಳೋದು ಮರೀಬೇಡ. ಭಾವನಿಗೆ ನಮಸ್ಕಾರ ಹೇಳು ಅನ್ನೋಕೆ ಹೋದೆ, ಬೇಡ ಬಿಡು. ಇಬ್ಬರೂ ಚೆನ್ನಾಗಿರಿ. ಇಷ್ಟು ಹೊತ್ತು ಮಾತಾಡಿದ್ದು ನಿನ್ನ ತಮ್ಮ. ಸದ್ಯಕ್ಕೆ ಹಾಗಂತಲೇ ಇಟ್ಕೋ.

*

ಅಕ್ಕಾ, ಇನ್ನೊಂದು. ಇದನ್ನ ಹೇಳದೆ ಬಿಟ್ರೆ ಇಷ್ಟು ಹೊತ್ತು ಹೇಳಿದ್ದೂ ಸುಳ್ಳಾಗುತ್ತೆ.

"ಹೊಲಿಗೆ" ಅನ್ನೋದು ನನ್ನ ಬಾಯಿಗೆ ಸುಮ್ಮನೆ ಬರ್ಲಿಲ್ಲ. ಈ ಹಾಸಿಗೆಗಳನ್ನ ಹೊಲೀತಿದ್ದಾಗ ನೀನೇ ಫೋನ್ ಮಾಡಿದ್ದೆ. "ದಾರ ಮಸುಕು ಮಸುಕಾಗಿ ಕಾಣುತ್ತೆ ಕಣೋ. ಬೆರಳಲ್ಲಿ ಮುಟ್ಟಿ ಮುಟ್ಟಿ ಹೊಲೀತಿದೀನಿ. ನಿಮ್ಮ ಭಾವನಿಗೆ ಹೇಳ್ಬೇಡ, ಕೆಲಸದಿಂದ ಎಬ್ಬಿಸಿಬಿಡ್ತಾರೆ" ಅಂದಿದ್ದೆ. ನಾನು ಭಾವನಿಗೆ ಹೇಳ್ಲಿಲ್ಲ. ವಕೀಲರ ಮುಂದೆ ಕೂತಾಗ ಅದು ನೆನಪಾಯ್ತು. ಬೇರೆ ಏನೇ ಅಂದ್ರೂ ನೀವಿಬ್ಬರೂ ಜಗಳಕ್ಕೆ ನಿಲ್ತೀರಿ, ಹೊಲಿಗೆ ಅಂದ್ರೆ ಮಾತ್ರ ತಪ್ಪು ನನ್ನದೇ ಇರಬಹುದೇನೋ ಅಂತ ನೀನು ನಂಬ್ತೀಯ, ಅದು ಗೊತ್ತಿದ್ದೇ ಅಂದೆ. ನೀನು ನಂಬಿದೆ…

ತಾಳು, ಇವಳು ಕೂಗ್ತಿದಾಳೆ. "ರೀ, ಕೋರ್ಟಿನವರು ಬಂದ್ರು. ವಕೀಲರೂ ಬಂದಿದಾರೆ. ಬಾಗಿಲು ತೆಗೀರಿ."

ಬಂದೆ ಕಣೇ.

ಹರಿದ ಹಾಸಿಗೇನೇ ಮೊದಲು ತೋರಿಸ್ತೀನಿ ಅಕ್ಕಾ. ಹರಿದಿದ್ದು ನಾನು ಅಂತಾನೂ ಹೇಳ್ತೀನಿ. ನೀನು ಮತ್ತೆ ದಬ್ಬಳ ತಗೋ. ಫೋನ್ ಇಡ್ತೀನಿ.