ಒಗೆಯದ ಅಂಗಿ

ದಡ್ಡಿ
ತಾ. ೨-೯-೧೯೫೭

ಕಲ್ಲೋಳಿಯಲ್ಲಿರುವ ನನ್ನ ಅಕ್ಕ ಸುಂದ್ರವ್ವಳಿಗೆ ತಂಗಿ ಇಂದ್ರವ್ವ ಮಾಡುವ ಶರಣು.

ಕ್ಷೇಮ ಎಂದು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ನಿನಗೆ ತಿಳಿದದ್ದನ್ನು ತುಂಬಿಕೋ. ಭಾವನನ್ನು ಮನೆ ಅಳಿಯನನ್ನಾಗಿ ಮಾಡಿಕೊಂಡು ತವರಲ್ಲೇ ಉಳಿದ ಪುಣ್ಯವಂತೆ ನೀನು. ಅತ್ತೆಯ ಮನೆ ಎಂದರೇನು ಎಂಬುದನ್ನು ನನ್ನ ಪತ್ರದಲ್ಲೇ ಓದಬೇಕು.

ಮೊದಲು ಅಪ್ಪನಿಗೆ ಹೋತದ ಸಮಾಚಾರ ಓದಿ ಹೇಳು. ಹೋದ ವರ್ಷ ನಮ್ಮ ಮನೆಯವರು ಹತ್ತರಗಿಯಿಂದ ಒಂದು ಹೋತ ಕೊಂಡು ತಂದಿದ್ದರು. ಏನು ಕೋಡು, ಏನು ಗಡ್ಡ! ಊರೇ ಬಂದು ನೋಡಿತು. ಆದರೆ ಮಳೆಗಾಲ ಮುಗಿದರೂ ಒಂದು ಆಡೂ ಬೆದೆಗೆ ಬರಲಿಲ್ಲ. ಅತ್ತೆ ಉದ್ದವ್ವ ಆಡುಗಳನ್ನೇ ಬೈದಳು. ಈ ವರ್ಷ ಮಳೆ ಹಿಡಿದ ಮೇಲೂ ಹಾಗೇ ಆದಾಗ ಎಲ್ಲವನ್ನೂ ಕಟುಕನಿಗೆ ಕೊಡುತ್ತೇನೆಂದು ಹಟ ಹಿಡಿದಳು. ನನ್ನ ಬಾಯಿ ನಿನಗೆ ಗೊತ್ತಲ್ಲ, ಸುಮ್ಮನಿರುವುದಿಲ್ಲ. "ಅತ್ತೀ, ಈ ಹೋತಿಗೆ ನಾತಾನ ಇಲ್ಲಲ್ರಿ. ನಾತ ಇಲ್ಲಂದ್ರ ಆಡಿಗೆ ಹೆಂಗ ತಿಳೀಬೇಕ್ರಿ?" ಎಂದೆ. ನಮ್ಮ ತವರಿನ ಹೋತ ಓಣಿಯ ಆ ತುದಿಯಲ್ಲಿದ್ದರೆ ಈ ತುದಿಯಲ್ಲಿ ನಾವು ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲವೇ? ಹಿಡಿದು ನೋಡಿದರೆ, ಮಾರಿದವನು ಮೊದಲೇ ಅದರ ಬೀಜ ಒಡೆಸಿದ್ದ. ಮೇಲಿನಿಂದ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

ಆಮೇಲೆ ಅಪ್ಪ ಕಳಿಸಿಕೊಟ್ಟ ಹೋತ ಬಂದು ವಾರ ಕಳೆಯುವುದರೊಳಗೆ ಆಡುಗಳು ಬಾಲ ಅಲ್ಲಾಡಿಸುತ್ತ ಕೂಗತೊಡಗಿದವು. ಅದನ್ನಿನ್ನೂ ಬೇಲಿಯ ಆಚೆಯೇ ಕಟ್ಟಿದ್ದೆವು. ನಾನು ನಕ್ಕು, "ನೋಡ್ರಿ ಅತ್ತೀ, ಗಾಳಿ ಬೀಸಿದ್ರ ಸಾಕು" ಎಂದೆ. ಅತ್ತೆ ನಗಲಿಲ್ಲ. ಆಡುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ಮಗನನ್ನು ನೋಡಿದಳು.

ಅಪ್ಪನಿಗೆ ಇಲ್ಲಿಯವರೆಗೆ ಓದು. ಮುಂದಿನದು ನಿನಗೊಬ್ಬಳಿಗೆ.

ಮದುವೆಯಾಗಿ ನಾಲ್ಕು ವರ್ಷವಾಯಿತು, ಇವರು ನನ್ನ ಹತ್ತಿರ ಬಂದಿಲ್ಲ. ಕೆಟ್ಟವರಲ್ಲ ಅಕ್ಕಾ. ಗೋಡೆಗೆ ಮುಖ ಮಾಡಿ ಮಲಗುತ್ತಾರೆ, ಅಷ್ಟೆ. "ಯಾರ ಮುಂದೂ ಹೇಳಬ್ಯಾಡ" ಎಂದು ಮೊದಲ ವರ್ಷವೇ ನನ್ನ ಕೈ ಹಿಡಿದುಕೊಂಡು ಅತ್ತರು. ಅವರು ನನ್ನ ಕೈ ಹಿಡಿದದ್ದು ಅದೊಂದೇ ಸಲ. ನಾನು ಬಾಯಿ ಬಿಡಲಿಲ್ಲ, ಬಂಜೆ ಎನಿಸಿಕೊಂಡೆ. ಈಗ ಅತ್ತೆಗೆ ಆಡುಗಳಿಂದಲೇ ಎಲ್ಲ ತಿಳಿಯಿತು. ತಿಳಿದರೆ ನನಗೆ ಬಿಡುಗಡೆ ಎಂದುಕೊಂಡಿದ್ದೆ, ಹುಚ್ಚಿ!

ಅವಳು ಇವರನ್ನು ಕಬ್ಬು ಕಾಯಲು ಮೂಡಲಗಿಯ ಸೋದರಮಾವನ ತೋಟಕ್ಕೆ ಕಳಿಸಿದಳು. ಗೋಕಾಕದ ಗಿರಣಿಯಲ್ಲಿದ್ದ ಮೈದುನ ರಾಜಪ್ಪನನ್ನು ಕೆಲಸ ಬಿಡಿಸಿ ಕರೆಸಿಕೊಂಡಳು. ಅವನು ಕಳಚಿದ ಬೆವರಿನ ಅಂಗಿಯನ್ನು ತಂದು ನನ್ನ ಕೋಣೆಯ ಗೂಟಕ್ಕೆ ತೂಗುಹಾಕಿದಳು. ಒಗೆಯಲು ಎತ್ತಿಕೊಂಡರೆ, "ಒಗೀಬ್ಯಾಡ, ಅಲ್ಲೇ ಇರ್ಲಿ. ಗಾಳಿ ಬೀಸಿದ್ರ ಸಾಕಂತ ನೀನ ಹೇಳಿದಿಯಲ್ಲ. ಮನೀ ರಗತ ಮನ್ಯಾಗ ಉಳೀತೈತಿ, ಮಂದೀಗೇನ ತಿಳೀತೈತಿ?" ಎಂದಳು.

ನನ್ನ ಮೈಯೆಲ್ಲ ಉರಿಯಿತು. "ನಾ ಆಡು ಅಲ್ರಿ" ಎಂದೆ.

"ಆಡಾಗಿದ್ರ ಕಟುಕಗ ಕೊಡ್ತಿದ್ನಿ" ಎಂದಳು.

ತವರಿನ ಹೆಸರೆತ್ತಿದರೆ, ಬಸುರಿಯಾದ ಮೇಲೆ ಹೋಗು ಎನ್ನುತ್ತಾಳೆ. ಹೊಳೆಗೆ ಹೋದರೆ ಹಿಂದೆಯೇ ಬರುತ್ತಾಳೆ. ಮಲಗುವಾಗ ತಲೆಬಾಗಿಲಿಗೆ ಅಡ್ಡ ಹಾಸಿಕೊಳ್ಳುತ್ತಾಳೆ. ಹೊತ್ತುಗೊತ್ತಿಲ್ಲದೆ ತಪ್ಪುತ್ತಿದ್ದ ನನ್ನ ಮುಟ್ಟು ಈ ಸಲ ಹೊತ್ತಿಗೆ ಸರಿಯಾಗಿ ಬಂತು. ಹೊರಗೆ ಕೂತವಳ ಅಂಗೈಗೆ ಅತ್ತೆ, "ಗಾಳಿ ಬೀಸಿತ ನೋಡು" ಎಂದು ನಗುತ್ತ ಬೆಲ್ಲದ ಚೂರು ಹಾಕಿದಳು. ಅದನ್ನು ಉಗುಳಬೇಕೆನಿಸಿತು, ನುಂಗಿದೆ.

ರಾಜಪ್ಪ ಪಾಪದವನು, ನನ್ನಂತೆಯೇ ಸಿಕ್ಕಿಬಿದ್ದಿದ್ದಾನೆ. ಒಂದು ದಿನ ಬಾಗಿಲ ಹೊರಗೇ ನಿಂತು, ತಲೆ ಎತ್ತದೆ, "ವೈನೀ, ನನ್ನ ಅಂಗಿ ಕೊಡ್ರಿ" ಎಂದ. ಕೊಟ್ಟೆ. ಸಂಜೆಗೆ ಅತ್ತೆ ಅವನು ತೊಟ್ಟಿದ್ದನ್ನೇ ಬಿಚ್ಚಿಸಿ ತಂದು ಮತ್ತೆ ಗೂಟಕ್ಕೆ ಹಾಕಿದಳು.

ಒಂದು ಉಪಾಯ ಮಾಡು. ಹೋತವನ್ನು ವಾಪಸ್ ಒಯ್ಯಲು ಅಪ್ಪ ಬರಲಿ. ಕೊಟ್ಟವರು ಕೇಳಿದರೆ ಇಲ್ಲವೆನ್ನಲಾಗದು. ತನಗೆ ವಯಸ್ಸಾಗಿದೆ, ಅದು ಎಳೆದರೆ ಬೀಳುತ್ತೇನೆ, ಇಂದ್ರವ್ವ ಹಿಂದಿನಿಂದ ಅಟ್ಟಿಕೊಂಡು ಬರಲಿ ಎನ್ನಲಿ. ಊರ ಅಗಸೆ ಬಾಗಿಲು ದಾಟಿದರೆ ನಾನು ತಿರುಗಿ ಬರುವವಳಲ್ಲ. ಅಪ್ಪನಿಗೆ ಕಾರಣ ಮಾತ್ರ ಹೇಳಬೇಡ, ಹೇಳಿದರೆ ಹಗ್ಗದ ಬದಲು ಕೊಡಲಿ ಹಿಡಿದುಕೊಂಡು ಬರುತ್ತಾನೆ.

ದಾರಿ ಕಾಯುತ್ತಿರುವ ನಿನ್ನ ತಂಗಿ,
ಇಂದ್ರವ್ವ

ತಾ.ಕ.: ಮಾರುತ್ತರ ಬರೆಯಬೇಡ, ರಾಜಪ್ಪನಿಗೆ ಓದು ಬರುತ್ತದೆ, ಅತ್ತೆ ಅವನಿಂದ ಓದಿಸುತ್ತಾಳೆ. ಇದನ್ನು ಬಾಜೂ ಮನೆಯ ಪಾರವ್ವ ಹುಕ್ಕೇರಿಗೆ ಹೋದಾಗ ಅಂಚೆಗೆ ಹಾಕುತ್ತಾಳೆ. ಆ ಅಂಗಿಯ ವಾಸನೆ ತಾಳದೆ ಮೊದಮೊದಲು ಸೆರಗನ್ನು ಮೂಗಿಗೆ ಒತ್ತಿಕೊಂಡು ಮಲಗುತ್ತಿದ್ದೆ. ನಿನ್ನೆ ಅತ್ತೆ ಅದನ್ನು ತೂಗುಹಾಕುವುದನ್ನು ಮರೆತಿದ್ದಳು. ನನಗೆ ನಿದ್ದೆ ಬರಲಿಲ್ಲ. ಅಪ್ಪನನ್ನು ಬೇಗ ಕಳಿಸು ಅಕ್ಕಾ.